ಅಕ್ಬರಿ ಬೇಗಂ ಅವರ ಕೆಂಪು ದಾರ

ರಾಮನಗರದ ಅಕ್ಬರಿ ಬೇಗಂ ತಮ್ಮ ಸರಕಿನ ದೋಷವನ್ನು ಕೊಳ್ಳುವವನು ಕಂಡುಹಿಡಿಯುವ ಮೊದಲೇ ತಾವೇ ಗುರುತು ಹಾಕಿ ಕೊಡುತ್ತಿದ್ದರು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಎಳೆ ಕಡಿಯುವುದು ನಿತ್ಯದ ಮಾತು. ಕಡಿದ ತುದಿಯನ್ನು ಸುತ್ತಿನ ಮೇಲೆ ಹಾಗೆಯೇ ಒತ್ತಿ ರಾಟೆ ತಿರುಗಿಸಿಬಿಟ್ಟರೆ ಸುತ್ತಿದ ನೂಲಿನ ಲಡಿ ಕಣ್ಣಿಗೆ ಅಖಂಡವಾಗಿಯೇ ಕಾಣುತ್ತದೆ; ಅದು ಬಿಚ್ಚಿಕೊಳ್ಳುವುದು ಎಷ್ಟೋ ದಿನಗಳ ಮೇಲೆ, ಬೆಂಗಳೂರಿನ ಯಾವುದೋ ಓಣಿಯಲ್ಲಿ ಹುರಿ ಮಾಡುವವನ ಕೈಯಲ್ಲಿ; ಆ ಹೊತ್ತಿಗೆ ಲಡಿ ಯಾರ ಮನೆಯದು ಎಂಬುದು ಯಾರಿಗೂ ನೆನಪಿರುವುದಿಲ್ಲ. ಅಕ್ಬರಿ ಬೇಗಂ ಕಡಿದ ಕಡೆ ಗಂಟು ಹಾಕಿ, ಗಂಟಿನ ಪಕ್ಕದಲ್ಲಿ ಬೆರಳುದ್ದದ ಕೆಂಪು ಹತ್ತಿ ದಾರವೊಂದನ್ನು ಕಟ್ಟುತ್ತಿದ್ದರು. ಇಲ್ಲಿ ಕಡಿದಿದೆ, ನೋಡಿಕೊಂಡು ಸುತ್ತು ಎಂದು ಅದರ ಅರ್ಥ. ಮೊದಲ ಸಲ ಆ ಲಡಿಗಳನ್ನು ಮಾರಲು ಒಯ್ದಾಗ ಅಲ್ಲಿದ್ದವರೆಲ್ಲ ನಕ್ಕರಂತೆ. ಎರಡು ವರ್ಷ ಕಳೆಯುವಷ್ಟರಲ್ಲಿ ಹುರಿಯವರು ‘ಕೆಂಪು ದಾರದ ಲಡಿ’ ಬಂದಿದೆಯೇ ಎಂದು ವಿಚಾರಿಸಿಕೊಂಡು ಬರತೊಡಗಿದರು.

ನಾನು ಅವರನ್ನು ಮೊದಲು ಕಂಡದ್ದು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಪತ್ರಿಕೆಗೆ ಒಂದು ಲೇಖನ ಬರೆಯಲು ಹೋದಾಗ. ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆ. ಆ ಸೆಖೆಯಲ್ಲಿಯೂ ಸೀರೆಯ ಮೇಲೆ ಗಂಡಸರ ಕಂದು ಬಣ್ಣದ ಕೋಟು ತೊಟ್ಟ, ಅರವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಗೂಡು ಹರವಿಟ್ಟ ಜಾಲರಿಯಿಂದ ಜಾಲರಿಗೆ ನಿಧಾನವಾಗಿ ಹೋಗುತ್ತಿದ್ದರು. ಕೋಟು ತೀರಿಹೋದ ಗಂಡ ಶುಕೂರ್ ಸಾಹೇಬರದು; ಅದರ ತೋಳು ಇವರ ಬೆರಳ ತುದಿಯವರೆಗೂ ಬರುತ್ತಿದ್ದುದರಿಂದ ಎರಡು ಮಡಿಕೆ ಮಡಿಚಿ ಹೊಲಿದಿದ್ದರು. ಎಡ ಜೇಬಿನಲ್ಲಿ ಕೆಂಪು ದಾರದ ಉಂಡೆ, ಬಲ ಜೇಬಿನಲ್ಲಿ ಕನ್ನಡಕ. ನಡೆಯುವಾಗ ಬಲಗೈಯನ್ನು ಮೈಯಿಂದ ಒಂದಿಷ್ಟು ದೂರ ಹಿಡಿದು, ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿಕೊಂಡಿರುತ್ತಿದ್ದರು. ಕಣ್ಣಿಗೆ ಕಾಣದ ಎಳೆಯೊಂದು ಆ ಬೆರಳುಗಳ ನಡುವೆ ಇದೆ, ಅದು ಕಡಿಯದ ಹಾಗೆ ಹೆಜ್ಜೆ ಇಡಬೇಕು ಎನ್ನುವಂಥ ನಡಿಗೆ ಅದು. ಐವತ್ತು ವರ್ಷ ಬಿಸಿನೀರಿನ ಬೇಸಿನ್ನಿನಲ್ಲಿ ಗೂಡು ಕೆದಕಿದ ಆ ಬೆರಳುಗಳ ತುದಿ ಬೆಳ್ಳಗೆ ಸುಕ್ಕಾಗಿ, ಗೆರೆಗಳೇ ಅಳಿಸಿಹೋಗಿದ್ದವು.

ಆ ದಿನ ಕೈಲಾಂಚದ ರೈತ ಬೋರಲಿಂಗಯ್ಯ ತನ್ನ ಗೂಡಿನ ಪಕ್ಕ ಕುಳಿತು, ಜೊತೆಯವನ ಕಿವಿಯಲ್ಲಿ ಹೇಳುತ್ತಿದ್ದುದು ನನಗೂ ಕೇಳಿಸಿತು.

“ಲೇ, ಕೋಟಿನ ಅಜ್ಜಿ ಬತ್ತಾವ್ಳೆ ಕಣ್ಲಾ. ಮೇಲ್ಗಡೆ ಗೂಡು ಒಸಿ ಸರಿ ಮಾಡ್ಬುಡು.”

“ಸರಿ ಮಾಡ್ಬ್ಯಾಡ ಬೋರಲಿಂಗಯ್ಯ,” ಎಂದರು ಅಕ್ಬರಿ ಬೇಗಂ, ಜಾಲರಿಯ ಮುಂದೆ ನಿಂತು. “ತಳ್ದಾಗೆ ಏನೈತೆ ಅಂತ ನೀನೇ ಹೇಳ್ಬುಡು. ಈ ವಯಸ್ನಾಗೆ ನಂಗ್ಯಾಕೆ ಬಗ್ಗೋ ಕೆಲ್ಸ?”

ಬೋರಲಿಂಗಯ್ಯ ತಲೆ ಕೆರೆದುಕೊಂಡ. “ಮೂರ್ ಕೇಜಿ ಕರೆಗೂಡು ಐತೆ ಅಜ್ಜಿ. ಕೊನೇ ಸೊಪ್ಪು ಒಸಿ ನೆಂದಿತ್ತು.”

“ಮುಂದೆ,” ಎಂದರು ಅವರು, ಇನ್ನೇನೂ ಕೇಳದೆ. ಹರಾಜಿನಲ್ಲಿ ಕೂಗಿದ ದರಕ್ಕೆ ಒಪ್ಪಿಕೊಂಡರು.

ಈ ‘ಮುಂದೆ’ ಅವರ ಮಾತಿನ ಮುದ್ರೆ. ಎದುರಿನವರು ಹೇಳಿದ್ದು ಮನಸ್ಸಿಗೆ ಒಪ್ಪಿತೆಂದರೆ ಭೇಷ್ ಎನ್ನುತ್ತಿರಲಿಲ್ಲ, ತಲೆಯಾಡಿಸುತ್ತಲೂ ಇರಲಿಲ್ಲ; ‘ಮುಂದೆ’ ಎನ್ನುತ್ತಿದ್ದರು. ಒಪ್ಪದಿದ್ದರೆ ಸುಮ್ಮನಿದ್ದು, ಎರಡು ಬೆರಳುಗಳನ್ನು ಮೆಲ್ಲಗೆ ಉಜ್ಜುತ್ತಿದ್ದರು. ಆ ಉಜ್ಜುವಿಕೆಗೆ ರಾಮನಗರದಲ್ಲಿ ಹೆದರುವವರಿದ್ದರು. ಓದಿಸಿ ಕೇಳದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲವೆಂಬುದು ಇನ್ನೊಂದು ಹಟ. ಉರ್ದುವಿನಲ್ಲಿ ತಮ್ಮ ಹೆಸರನ್ನು ಸೊಗಸಾಗಿ ಬರೆಯಬಲ್ಲವರಾಗಿದ್ದರು. ಬೇರೆ ಲಿಪಿಗಳ ಗೊಡವೆ ಇರಲಿಲ್ಲ. ಮತದಾರರ ಪಟ್ಟಿ ತಿದ್ದಲು ಬಂದ ನೌಕರನಿಂದ ಅವನು ತುಂಬಿಸಿದ್ದನ್ನೆಲ್ಲ ವಾಪಸು ಓದಿಸಿಕೊಂಡು, ವಯಸ್ಸಿನ ಜಾಗದಲ್ಲಿ ಅರವತ್ತು ಎಂದು ಕಂಡಾಗ, “ಎಂಟು ವರ್ಸ ನೀವಿಟ್ಕೊಂಡ್ರಾ?” ಎಂದು ಕೇಳಿದ್ದರಂತೆ.

ಲೇಖನ ಅಚ್ಚಾದ ಮೇಲೂ ನಾನು ಅವರಲ್ಲಿಗೆ ಹೋಗಿಬರುತ್ತಿದ್ದೆ. ನನ್ನನ್ನು ‘ಪೇಪರ್ ಸಾಹೇಬ್ರೆ’ ಎಂದು ಕರೆಯುತ್ತಿದ್ದರು. ನಾನು ಬರೆದದ್ದನ್ನೂ ಓದಿಸಿ ಕೇಳಿದ್ದರು, ಮೂರು ಕಡೆ ಬೆರಳು ಉಜ್ಜಿದ್ದರು. ಮನೆಯಲ್ಲಿ ಅವರ ಜೊತೆಗಿದ್ದವಳು ಮಗಳ ಮಗಳು ಇಸ್ಮತ್; ಅಜ್ಜಿಯನ್ನು ‘ನಾನಿ’ ಎಂದು ಕರೆಯುತ್ತಿದ್ದಳು. ತಾಯಿ ತೀರಿಕೊಂಡಾಗ ಆಕೆಗೆ ನಾಲ್ಕು ವರ್ಷ. ತಂದೆ ಬೇರೆ ಮದುವೆಯಾಗಿ ಶಿಡ್ಲಘಟ್ಟದಲ್ಲಿ ನೆಲೆಸಿದ್ದ. ಹಾಗಾಗಿ ಎಲ್ಲ ಕಾಗದಗಳಲ್ಲಿಯೂ ಆ ಹುಡುಗಿಯ ಪೋಷಕರು ಎಂದರೆ ಅಕ್ಬರಿ ಬೇಗಂ.

ಎರಡು ಸಾವಿರದ ಹತ್ತರಲ್ಲಿ ಇಸ್ಮತ್ ಮೊದಲ ಪಿಯುಸಿಯಲ್ಲಿದ್ದಾಗ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮವೊಂದರ ವಿಷಯ ಕಾಲೇಜಿನ ಸೂಚನಾ ಫಲಕದಲ್ಲಿ ಕಂಡಿತು. ಆಯ್ಕೆಯಾದವರು ಫಿನ್ಲೆಂಡಿನಲ್ಲಿ ಒಂದು ಮನೆಯವರ ಜೊತೆಗಿದ್ದು ಹತ್ತು ತಿಂಗಳು ಅಲ್ಲಿಯ ಶಾಲೆಗೆ ಹೋಗಬಹುದು, ಖರ್ಚೆಲ್ಲ ಕಾರ್ಯಕ್ರಮದವರದೇ. ಅರ್ಜಿಯ ಜೊತೆಗೆ ಇಂಗ್ಲಿಷಿನಲ್ಲಿ ಐನೂರು ಪದಗಳ ‘ಪರ್ಸನಲ್ ಸ್ಟೇಟ್‌ಮೆಂಟ್’ ಇರಬೇಕು: ನೀನು ಯಾರು, ಎಲ್ಲಿಂದ ಬಂದವಳು, ಯಾಕೆ ಬರಬೇಕೆಂದಿದ್ದೀಯೆ. ಕೆಳಗೆ ಪ್ರಾಂಶುಪಾಲರ ಸಹಿ, ಪೋಷಕರ ಸಹಿ. ಇಡೀ ಜಿಲ್ಲೆಯಿಂದ ಒಬ್ಬರನ್ನು ಆರಿಸಿದರೆ ಹೆಚ್ಚು. ಇಸ್ಮತ್ ಆ ಕಾಗದವನ್ನು ಎಂಟು ದಿನ ಪುಸ್ತಕದೊಳಗೆ ಇಟ್ಟುಕೊಂಡಿದ್ದು, ಒಂಬತ್ತನೆಯ ದಿನ ನನಗೆ ಫೋನು ಮಾಡಿದಳು. “ಸರ್, ನಂಗೆ ಹೋಗ್ಲೇಬೇಕು. ನೀವ್ ಬರ್ಕೊಟ್ರೆ ಸಿಗುತ್ತೆ.”

ನಾನು ಬರೆದುಕೊಟ್ಟೆ. ಇಪ್ಪತ್ತು ವರ್ಷ ಪತ್ರಿಕೆಗಳಲ್ಲಿ ದುಡಿದವನಿಗೆ ಐನೂರು ಪದ ಎಷ್ಟರದು? ನನ್ನ ಬರಹದ ನಡುವೆ ಇಸ್ಮತ್ ತನ್ನದೇ ಆದ ಕೆಲವು ಸಾಲುಗಳನ್ನು ಸೇರಿಸಿದಳು. ಅವುಗಳ ಇಂಗ್ಲಿಷನ್ನಷ್ಟೇ ನಾನು ತಿದ್ದಿದೆ. ಸೋಮವಾರ ಅರ್ಜಿ ಬೆಂಗಳೂರಿನ ಕಚೇರಿಯಲ್ಲಿರಬೇಕಿತ್ತು. ಬೆಂಗಳೂರಿನ ನನ್ನ ಮನೆಗೆ ಹಿಂದಿರುಗುವಾಗ ನಾನೇ ಒಯ್ಯುವುದೆಂದಾಗಿತ್ತು. ಉಳಿದದ್ದು ಸಹಿ.

ಶುಕ್ರವಾರ ಮಧ್ಯಾಹ್ನ, ನಮಾಜಿನ ನಂತರ, ಅವರ ಮನೆಯ ಬೇಸಿನ್ನುಗಳು ತಣ್ಣಗಿದ್ದವು. ಯಂತ್ರ ನಿಂತಿದ್ದರೂ ಬೆಂದ ಹುಳುವಿನ ವಾಸನೆ ಗೋಡೆಯಲ್ಲಿ, ಬಾಗಿಲಿನಲ್ಲಿ, ಕುಡಿಯುವ ಚಹದ ಲೋಟದಲ್ಲಿಯೂ ಇತ್ತು. ಅಕ್ಬರಿ ಬೇಗಂ ಮಂಚದ ಮೇಲೆ ಕುಳಿತು ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟುಕೊಂಡು, “ಓದು” ಎಂದರು. ಇಸ್ಮತ್ ಒಂದೊಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿ, ನಾನಿದ್ದೆನಾದ್ದರಿಂದ ಮನೆಯ ಉರ್ದು ಬಿಟ್ಟು ಕನ್ನಡದಲ್ಲಿ ಹೇಳತೊಡಗಿದಳು.

ನನ್ನ ಮೊದಲ ವಾಕ್ಯ ಹೀಗಿತ್ತು: ಬಡತನದ ಕುದಿನೀರಿನಲ್ಲಿ ಬೆಂದ ಕುಟುಂಬವೊಂದರಲ್ಲಿ ನಾನು ಹುಟ್ಟಿದೆ.

ಬೆರಳುಗಳು ಉಜ್ಜಿಕೊಂಡವು. “ಯಾರ್ಗೆ ಬಡ್ತನ?”

ಇಸ್ಮತ್ ನನ್ನ ಕಡೆ ನೋಡಿದಳು.

“ಪೇಪರ್ ಸಾಹೇಬ್ರೆ, ನಮ್ದು ಆರ್ ಬೇಸಿನ್ ಐತೆ. ಮ್ಯಾಲೆ ಮಾಳ್ಗೆ ಐತೆ. ರಂಜಾನ್ ತಿಂಗ್ಳಾಗೆ ಕೊಡೋರು ನಾವು, ಇಸ್ಕೊಳ್ಳೋರಲ್ಲ. ಈ ಬಡ್ತನ ಎಲ್ಲಿಂದ ತಂದ್ರಿ?”

“ಹಾಗೆ ಬರೆದರೆ ಓದುವವರಿಗೆ ಮನಸ್ಸು ಕರಗುತ್ತದೆ ಅಂತ…”

“ಬ್ಯಾರೆಯೋರ ಮನೇದು ತಂದು ನಮ್ ಲಡಿಗೆ ಸುತ್ಬ್ಯಾಡಿ. ತೆಗೀರಿ. ಮುಂದೆ.”

ಎರಡನೆಯ ವಾಕ್ಯದಲ್ಲಿ, ನೂಲಿನ ಯಂತ್ರಗಳ ಸದ್ದೇ ನನ್ನ ಜೋಗುಳವಾಗಿತ್ತು ಎಂದಿತ್ತು. ಅಕ್ಬರಿ ಬೇಗಂ ಮೊಮ್ಮಗಳ ಮುಖ ನೋಡಿದರು.

“ನಿಂಗೆ ಮಿಸೀನ್ ಸದ್ದು ಇಷ್ಟಾನಾ?”

“ಇಲ್ಲ ನಾನಿ.”

“ಕಿವೀಗೆ ಏನ್ ಇಟ್ಕೊಂಡ್ ಓದ್ತಿದ್ದೆ?”

“ಹತ್ತಿ.”

“ಹತ್ತಿ ಅಂತ ಬರಿ.”

ಹಿಂದಿರುಗಿ ಬಂದು ನನ್ನ ಸಮುದಾಯದ ಹೆಣ್ಣುಮಕ್ಕಳ ಏಳಿಗೆಗೆ ಬದುಕನ್ನು ಮುಡಿಪಾಗಿಡುತ್ತೇನೆ ಎಂಬ ಸಾಲು ಬಂದಾಗ, ಅವರು ಬೆರಳು ಕೂಡ ಉಜ್ಜಲಿಲ್ಲ, ನಕ್ಕುಬಿಟ್ಟರು. ಹಲ್ಲಿಲ್ಲದ ಬಾಯಿಯ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. “ನಿನ್ನೆ ಪಕ್ಕದ ಮನೆ ರೋಶನ್ ಬೀ ಮಗೂನ ಒಸಿ ಎತ್ಕೋ ಅಂದ್ರೆ ಓಡೋಗ್ಬುಟ್ಟೆ. ಏಳ್ಗೆ ಮಾಡ್ತಾಳಂತೆ. ನಿಜಕ್ಕೂ ಬಂದು ಏನ್ ಮಾಡ್ತೀಯ?”

“ಗೊತ್ತಿಲ್ಲ ನಾನಿ.”

“ಯಾಕೋಗ್ಬೇಕು?”

ಇಸ್ಮತ್ ಕಾಗದದ ಅಂಚನ್ನು ಮಡಿಚಿದಳು. “ಇಲ್ಲಿ ಎಲ್ರಿಗೂ ನಾನ್ಯಾರು ಅಂತ ಗೊತ್ತು. ಯಾರ್ಗೂ ಗೊತ್ತಿಲ್ದಿರೋ ಕಡೆ ಹೋಗಿ, ನಾನ್ ಯಾರು ಅಂತ ನಾನೇ ಹೇಳ್ಬೇಕು. ಹೆಂಗ್ ಹೇಳ್ತೀನೋ ನೋಡ್ಬೇಕು.”

“ಇದು ಎಳೆ,” ಎಂದರು ಅಕ್ಬರಿ ಬೇಗಂ, ನನ್ನ ಕಡೆ ತಿರುಗಿ. “ಬರ್ಕೊಳ್ರಿ ಸಾಹೇಬ್ರೆ. ಮುಂದೆ.”

ಇಂಗ್ಲಿಷಿನ ಒಂದು ಅಕ್ಷರ ಬಾರದವರು ಒಂದು ಗಂಟೆಯೊಳಗೆ ನನ್ನ ಬರಹದ ಮುಕ್ಕಾಲು ಪಾಲನ್ನು ಕಿತ್ತುಹಾಕಿದ್ದರು. ನನ್ನ ಪತ್ರಿಕೆಗಳಲ್ಲಿ ಅಂಥ ಸಂಪಾದಕರು ಇದ್ದದ್ದು ನೆನಪಿಲ್ಲ. ಆದರೆ ನಾನು ಅದನ್ನು ಯೋಚಿಸುತ್ತಿರಲಿಲ್ಲ. ಎರಡನೆಯ ಪುಟಕ್ಕೆ ಬರುತ್ತಿದ್ದೇವೆ ಎಂಬುದನ್ನು ಯೋಚಿಸುತ್ತಿದ್ದೆ. ಇಸ್ಮತ್ ತಾನೇ ಬರೆದು ಸೇರಿಸಿದ ಸಾಲುಗಳು ಅಲ್ಲಿದ್ದವು. ಇಡೀ ಬರಹದಲ್ಲಿ ಜೀವವಿದ್ದ ಸಾಲುಗಳು ಅವೇ ಎಂದು ನನಗೆ ಗೊತ್ತಿತ್ತು. ನಾನಿಗೆ ಇಂಗ್ಲಿಷ್ ಬಾರದೆಂಬ ಧೈರ್ಯದ ಮೇಲೆ ಅವಳು ಅವನ್ನು ಬರೆದಿದ್ದಳೆಂಬುದೂ ಗೊತ್ತಿತ್ತು.

ಇಸ್ಮತ್ ಇಂಗ್ಲಿಷಿನ ಆ ಸಾಲುಗಳನ್ನು ಬೇಗಬೇಗ ಓದಿದಳು. ಆಮೇಲೆ ಕನ್ನಡದಲ್ಲಿ, “ಹೈಸ್ಕೂಲು ಮೂರು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದೆ ಅಂತ ಐತೆ” ಎಂದು ಹೇಳಿ ಪುಟ ತಿರುವಲು ಹೋದಳು.

“ನಿಲ್ಲು.”

ಬೆರಳುಗಳು ಉಜ್ಜಿಕೊಳ್ಳುತ್ತಿರಲಿಲ್ಲ, ಒಂದನ್ನೊಂದು ಹಿಡಿದುಕೊಂಡು ನಿಂತಿದ್ದವು.

“ಇಂಗ್ಲಿಸ್ನಾಗೆ ಇಷ್ಟುದ್ದ ಓದ್ದೆ. ಕನ್ನಡ್ದಾಗೆ ಇಷ್ಟೇ ಹೇಳ್ದೆ. ನಡ್ವೆ ಇರೋದು ಎಲ್ಲೋಯ್ತು?”

ಹುಡುಗಿ ತಿರುವಲು ಹಿಡಿದಿದ್ದ ಪುಟದ ಮೂಲೆಯನ್ನು ಬಿಟ್ಟಳು.

“ಇಲ್ಲಿ ಕಡ್ದೈತೆ. ಮ್ಯಾಲೆ ಒತ್ಬುಟ್ಟು ಸುತ್ತಿದ್ದೀಯ. ಓದು.”

ಇಸ್ಮತ್ ಓದಿದಳು, ಈ ಸಲ ಒಂದು ಪದವನ್ನೂ ಬಿಡದೆ, ತಲೆ ಎತ್ತದೆ. “ಹೈಸ್ಕೂಲಿನ ಮೂರು ವರ್ಷ, ನಮ್ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ಇರಲ್ಲ ಅಂತ ನಮ್ ನಾನಿಗೆ ಸುಳ್ಳು ಹೇಳ್ದೆ. ಆಫೀಸರ್ ಮಕ್ಳು, ಬ್ಯಾಂಕಿನೋರ್ ಮಕ್ಳು ಇದ್ರು. ನಮ್ಮನೆ ವಾಸ್ನೆ ಕ್ಲಾಸ್‌ರೂಮಿಗೆ ಬರೋದು ನಂಗೆ ಇಷ್ಟ ಇರ್ಲಿಲ್ಲ.”

ಹೊರಗೆ ಗೂಡಿನ ಚೀಲ ಹೇರಿಕೊಂಡ ಟೆಂಪೋ ಒಂದು ಹೋಯಿತು. ಅಕ್ಬರಿ ಬೇಗಂ ಕೋಟಿನ ಮಡಿಚಿದ ತೋಳನ್ನು ನೋಡಿಕೊಂಡರು.

“ಮೀಟಿಂಗು ಇತ್ತಾ?”

“ಇತ್ತು ನಾನಿ. ವರ್ಷಕ್ಕೆ ಮೂರ್ ಸಲ.”

“ನಾನೂ ಅಂದ್ಕಂಡೆ, ದೊಡ್ ಸ್ಕೂಲು, ಮೀಟಿಂಗ್ ಇಲ್ದಂಗೆ ಹೆಂಗ್ ನಡೀತೈತೆ ಅಂತ.” ಪೆನ್ನಿನ ಮುಚ್ಚಳವನ್ನು ಹುಡುಕಿ ಹಾಕಿದರು. ಸಹಿ ಆಗುವುದಿಲ್ಲವೆಂದು ಇಸ್ಮತಳ ಮುಖ ಹೇಳಿತು. ಆ ಹುಡುಗಿಯ ಹತ್ತು ತಿಂಗಳು ಆ ಮುಚ್ಚಳದೊಳಗಿತ್ತು.

ನಾನು ನಡುವೆ ಬಾಯಿ ಹಾಕಿದೆ. “ಆ ಸಾಲುಗಳನ್ನು ತೆಗೆದುಬಿಡೋಣ, ಅಮ್ಮಾ. ಅವರೇನೂ ಕೇಳುವುದಿಲ್ಲ.”

“ತೆಗುದ್ರೆ ಕಡ್ದಿದ್ದು ಕಾಣಾಕಿಲ್ಲ, ಅಷ್ಟೆ. ಕಡ್ದಿದ್ದು ಹೋಗ್ತೈತಾ?” ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಆಳುಗಳಿಗೆ ಕೆಲಸ ತೋರಿಸುವ ದನಿ ಅದು. “ಇರ್ಲಿ. ಆದ್ರೆ ಗಂಟು ಎಲ್ಲೈತೆ? ಕಡೀತು ಅಂತ ಬರ್ದವ್ಳೆ, ಗಂಟು ಹಾಕಿಲ್ಲ.” ಮತ್ತೆ ಮೊಮ್ಮಗಳ ಕಡೆ ತಿರುಗಿದರು. “ಪ್ರಿನ್ಸಿಪಾಲ್ರ ಸಹಿ ಆಗೈತಾ?”

“ನಾಳೆ ಮಾಡಿಸ್ಬೇಕು.”

“ನಾನೂ ಬತ್ತೀನಿ. ಆಮ್ಯಾಲೆ ನನ್ ಸಹಿ.”

ಶನಿವಾರ ಬೆಳಿಗ್ಗೆ ಅವರು ಆಟೊ ಬೇಡವೆಂದರು. ನಾನು ಹತ್ತು ಹೆಜ್ಜೆ ಹಿಂದಿದ್ದೆ. ಕೋಟು ತೊಟ್ಟು, ಬಲಗೈಯನ್ನು ಮೈಯಿಂದ ದೂರ ಹಿಡಿದು, ಅದೇ ನಡಿಗೆಯಲ್ಲಿ ಅಜ್ಜಿ ಹೊರಟರೆ, ಇಸ್ಮತ್ ಮೊದಲು ನಾಲ್ಕು ಮಾರು ಮುಂದೆ ನಡೆಯುತ್ತಿದ್ದಳು. ಬಸ್ ನಿಲ್ದಾಣ ದಾಟುವಾಗ ನಾಲ್ಕು ಎರಡಾಯಿತು. ಕಾಲೇಜಿನ ಗೇಟು ಕಂಡಾಗ ಆಕೆ ನಿಂತು, ಅಜ್ಜಿ ಬರುವವರೆಗೆ ಕಾದು, ಆ ಬಲಗೈಯನ್ನು ಹಿಡಿದುಕೊಂಡಳು. ಆ ಕೈಯನ್ನು ನಡೆಯುವಾಗ ಯಾರಾದರೂ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗೇಟಿನ ಬಳಿ ಸಹಪಾಠಿಯೊಬ್ಬಳು ಸಿಕ್ಕಳು, ಕೈಲಾಂಚದ ಕಡೆಯ ಹುಡುಗಿ. “ಇವ್ರು ನಮ್ ನಾನಿ,” ಎಂದಳು ಇಸ್ಮತ್.

ಅಕ್ಬರಿ ಬೇಗಂ ಕೋಟಿನ ತೋಳನ್ನು ಮುಂದೆ ಚಾಚಿದರು. “ವಾಸ್ನೆ ಬತ್ತೈತೇನವ್ವ?”

ಹುಡುಗಿ ಕಕ್ಕಾಬಿಕ್ಕಿಯಾಗಿ ಮೂಸಿದಳು. “ಗೂಡು ಬೇಯ್ಸಿದ್ ವಾಸ್ನೆ ಅಲ್ವಾ ಅಜ್ಜಿ? ನಮ್ಮನೇಲಿ ಹುಳ ಮೇಯಿಸ್ತೀವಿ, ನಂಗೆ ಹಿಪ್ಪುನೇರಳೆ ಸೊಪ್ಪಿನ ವಾಸ್ನೆ ಬರುತ್ತಂತೆ. ಹಾಸ್ಟೆಲ್ನೋರು ಹೇಳ್ತಾರೆ.”

ಅಕ್ಬರಿ ಬೇಗಂ ಮೊಮ್ಮಗಳ ಕಡೆ ತಿರುಗಿದರು. “ಈ ಊರಾಗೆ ಯಾರ್ ಮೂಗ್ಗೆ ಮುಚ್ಚಿಟ್ಟೆ ಮೂರ್ ವರ್ಸ?”

ಇಸ್ಮತಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮುಂದೆ ಬಿಡಬೇಕೆಂದು ತಿಳಿಯದೆ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಪ್ರಾಂಶುಪಾಲ ನಂಜುಂಡಯ್ಯನವರು ಎದ್ದುನಿಂತು ಕುರ್ಚಿ ತೋರಿಸಿದರು, ಮೊಹರು ಒತ್ತಿ ಸಹಿ ಹಾಕಿದರು. ಅಕ್ಬರಿ ಬೇಗಂ ಎದ್ದುಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿದರು. “ಪೇರೆಂಟ್ಸ್ ಮೀಟಿಂಗ್ ಯಾವಾಗ ಇಟ್ಕಂಡಿದ್ದೀರಿ?”

“ಮುಂದಿನ ತಿಂಗಳು ಹನ್ನೆರಡಕ್ಕೆ, ಅಮ್ಮಾ.”

“ಬತ್ತೀನಿ,” ಎಂದರು.

ಮನೆಗೆ ಬಂದು ಇಸ್ಮತ್ ಒಬ್ಬಳೇ ಮಾಳಿಗೆಗೆ ಹೋಗಿ ಕುಳಿತಳು. ನನ್ನನ್ನು ಕರೆಯಲಿಲ್ಲ. ಇಳಿದು ಬಂದಾಗ ಆ ಸಾಲುಗಳ ಕೆಳಗೆ ಮೂರೇ ಸಣ್ಣ ವಾಕ್ಯಗಳಿದ್ದವು, ವ್ಯಾಕರಣವೂ ಅಲ್ಲಲ್ಲಿ ತಪ್ಪಿತ್ತು, ನಾನು ತಿದ್ದಲಿಲ್ಲ. ಅಜ್ಜಿಯ ಮುಂದೆ ನಿಂತು ಕನ್ನಡದಲ್ಲಿ ಹೇಳಿದಳು: “ಇವತ್ತು ನಮ್ ನಾನಿ ನನ್ ಕಾಲೇಜಿಗೆ ಬಂದ್ರು. ಗೇಟಿಂದ ಒಳಗೆ ಅವ್ರ ಕೈ ಹಿಡ್ಕೊಂಡೋದೆ. ಗೇಟಿನವರೆಗೂ ನಾನ್ ಮುಂದೆ ಮುಂದೆ ಹೋಗ್ತಿದ್ದೆ, ಅದ್ನೂ ಹೇಳ್ಬೇಕು.”

ಅಕ್ಬರಿ ಬೇಗಂ ಅವರ ಬೆರಳುಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದುಕೊಂಡಿದ್ದವು.

“ಮುಂದೆ,” ಎಂದರು.

“ಮುಂದೆ ಇಲ್ಲ ನಾನಿ. ಅಷ್ಟೇ.”

ಮುಚ್ಚಳ ತೆಗೆದು, ಬಲದಿಂದ ಎಡಕ್ಕೆ ತಮ್ಮ ಹೆಸರನ್ನು ನಿಧಾನವಾಗಿ ಬರೆದರು.

ಅರ್ಜಿಯನ್ನು ಸೋಮವಾರ ನಾನು ತಲುಪಿಸಿದೆ. ಎರಡು ತಿಂಗಳ ಮೇಲೆ ಸಂದರ್ಶನಕ್ಕೆ ಕರೆದವರು ಇಸ್ಮತಳನ್ನು, ನಿನ್ನ ಬರಹದಲ್ಲಿರುವ ಅಜ್ಜಿಯ ಆ ಕೆಂಪು ದಾರ ಎಂಥ ಕೆಂಪು ಎಂದು ಕೇಳಿದರಂತೆ. ಆಕೆ ಚೀಲದಿಂದ ಒಂದು ತುಂಡು ತೆಗೆದು ತೋರಿಸಿದಳಂತೆ. ಆ ವರ್ಷ ಆ ಜಿಲ್ಲೆಯಿಂದ ಹೋದದ್ದು ಆಕೆಯೊಬ್ಬಳೇ. ಆದರೆ ಅದಕ್ಕೂ ಮುಂಚೆ, ಹನ್ನೆರಡನೆಯ ತಾರೀಖಿನ ಸಭೆಯಲ್ಲಿ ಅಕ್ಬರಿ ಬೇಗಂ ಮೊದಲ ಸಾಲಿನಲ್ಲಿ ಕುಳಿತು, ಭೌತಶಾಸ್ತ್ರದ ಮೇಷ್ಟ್ರು ಹೇಳಿದ್ದಕ್ಕೆಲ್ಲ ‘ಮುಂದೆ’ ಎನ್ನುತ್ತಿದ್ದರೆಂದು, ನಾಚಿಕೆಯಿಲ್ಲದೆ, ಇಸ್ಮತಳೇ ನನಗೆ ಹೇಳಿದಳು.

ಆ ಶುಕ್ರವಾರ ಇಸ್ಮತ್ ಓದಿದ ಪ್ರತಿ ನನ್ನಲ್ಲಿದೆ. ಎರಡನೆಯ ಪುಟದ ಅಂಚಿನಲ್ಲಿ, ಪೇರೆಂಟ್ಸ್ ಮೀಟಿಂಗಿನ ಸಾಲು ಇರುವ ಕಡೆ, ಅಕ್ಬರಿ ಬೇಗಂ ಸೂಜಿಯಿಂದ ತೂತು ಮಾಡಿ ಬೆರಳುದ್ದದ ಕೆಂಪು ದಾರ ಕಟ್ಟಿದ್ದಾರೆ. ಇಂಗ್ಲಿಷ್ ಓದಲು ಬಾರದವರು ಸಾಲನ್ನು ಹೇಗೆ ಗುರುತಿಸಿದರೆಂದು ಕೇಳಿದ್ದಕ್ಕೆ, ಇಸ್ಮತ್ ಓದುವಾಗ ಎಲ್ಲಿ ಉಸಿರು ಹಿಡಿದಳೋ ಆ ಜಾಗವನ್ನು ನೋಡಿಟ್ಟುಕೊಂಡಿದ್ದೆ ಎಂದರು.

ಇಂಥವರು ಎಲ್ಲ ಕಸುಬುಗಳಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಗೋಡೆ ಕಟ್ಟಿ ಮುಗಿಸಿ, ಈ ಮೂಲೆಯಲ್ಲಿ ಮೊಳೆ ಹೊಡೆಯಬೇಡಿ ಎಂದು ಹೇಳಿಹೋಗುವ ಗಾರೆಯವನು. ಬಟ್ಟೆ ಸಾಲದೆ ಒಳಗೆ ತೇಪೆ ಕೊಟ್ಟದ್ದನ್ನು ಮಗುಚಿ ತೋರಿಸುವ ದರ್ಜಿ. ಅವರ ಕೈಯಲ್ಲಿಯೂ ಎಳೆ ಕಡಿಯುತ್ತದೆ, ಬಹುಶಃ ಉಳಿದವರಷ್ಟೇ ಕಡಿಯುತ್ತದೆ. ಆದರೆ ಅವರಿಂದ ಪಡೆದುಕೊಂಡದ್ದನ್ನು ನಾವು ಬಿಚ್ಚುವಾಗ ಬೆರಳಿಗೆ ಮೊದಲೇ ಗೊತ್ತಿರುತ್ತದೆ, ಎಲ್ಲಿ ಮೆಲ್ಲಗೆ ಹೋಗಬೇಕು ಎಂದು. ನನ್ನ ಮೇಜಿನ ಮೇಲೆ ಈಗ ಒಂದು ಕೆಂಪು ದಾರದ ಉಂಡೆ ಇರುತ್ತದೆ. ಬರೆದು ಮುಗಿಸಿದ ಮೇಲೆ ಅದನ್ನು ನೋಡುತ್ತೇನೆ. ಬಹಳ ಸಲ, ಮತ್ತೆ ಮೊದಲಿನಿಂದ ಓದುತ್ತೇನೆ.